ಗವಸು ಎಂದರೆ

ಅಮ್ಮಾ,

ನೀನು ಹೋಗಿ ಆರು ವರ್ಷವಾಯಿತು. ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನೀನು ಕಸ ಗುಡಿಸುತ್ತಿದ್ದ ಮಲ್ಲೇಶ್ವರದ ಬೀದಿಗಳಿಗೆ ಈಗ ನಾನೇ ಹೆಲ್ತ್ ಇನ್‌ಸ್ಪೆಕ್ಟರ್.

ಇವತ್ತು ಬೆಳಿಗ್ಗೆ ಸಂಪಿಗೆ ರಸ್ತೆಯ ಹಿಂದೆ ಕಸ ಎತ್ತುವಾಗ ದ್ರೌಪದಮ್ಮನವರ ಅಂಗೈಗೆ ಗಾಜು ಹೊಕ್ಕಿತು. ಹಾಕಿಕೊಂಡಿದ್ದ ತೆಳು ಪ್ಲಾಸ್ಟಿಕ್ಕು ಹರಿದುಹೋಗಿತ್ತು. ಅವರನ್ನು ಆಸ್ಪತ್ರೆಗೆ ಕಳಿಸಿ ಬರುವಷ್ಟರಲ್ಲಿ ಗುತ್ತಿಗೆದಾರ ಕಾಗದ ಹಿಡಿದು ನಿಂತಿದ್ದ.

"ಕೈಗವಸು ಕೊಟ್ಟಿದೀವಿ ಮೇಡಂ, ಸೈನ್ ಹಾಕ್ಬಿಡಿ."

"ಗವಸು ಅಂದ್ರೇನು ಗೊತ್ತಾ ನಿಮ್ಗೆ?" ಅಂದೆ. "ದಿಂಬಿಗೆ ಹಾಕಿದ್ರೆ ಕೊಳೆ ತಾಗ್ಬಾರ್ದು, ಕೈಗೆ ಹಾಕಿದ್ರೆ ಗಾಜು ತಾಗ್ಬಾರ್ದು. ಇದು ಗವಸಲ್ಲ."

ನನ್ನ ಶಾಲೆಯ ವಾರ್ಷಿಕೋತ್ಸವಕ್ಕೆ ನೀನು ಗಾಯದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದೆ. ಹಾಗೆ ಬಾ ಎಂದಿದ್ದವಳು ನಾನೇ.

"ನಿಮ್ಮನ್ನ ಎತ್ತಂಗಡಿ ಮಾಡಿಸ್ತೀನಿ" ಅಂದ.

"ಮಾಡ್ಸಿ. ಸರಿಯಾದ್ದು ಬರೋವರ್ಗೂ ಇಲ್ಲಿ ಯಾರೂ ಕಸ ಮುಟ್ಟಲ್ಲ."

ಹನ್ನೊಂದಕ್ಕೆ ದಪ್ಪ ರಬ್ಬರಿನ ಕೈಗವಸುಗಳ ಮೂಟೆ ಬಂತು. ಒಂದು ಜೊತೆಯನ್ನು ಮೊದಲು ನಾನೇ ಹಾಕಿಕೊಂಡು, ಒಡೆದ ಬಾಟಲಿಗಳ ರಾಶಿಯೊಳಗೆ ಕೈಯಿಟ್ಟು ನೋಡಿದೆ. ಏನೂ ಆಗಲಿಲ್ಲ. ಆಮೇಲೆಯೇ ಹಂಚಿದೆ.

ವರ್ಗಾವಣೆಯಾದರೆ ಆಗಲಿ. ಹೋದ ಕಡೆಯೂ ಹೀಗೇ ನೋಡಿ ಕೊಡಿಸುತ್ತೇನೆ.

ನಿನ್ನ ಮಗಳು
ಕುಸುಮಾ