ಹತ್ತೊಂಬತ್ತನೆಯ ಸ್ವಿಚ್

ಮಾರ್ಚ್ 4, ಸೋಮವಾರ

ನಲವತ್ತೆರಡು ಕೀಗಳ ಸ್ವಿಚ್ ಮುಗಿಯಿತು. ಇನ್ನು ಇಪ್ಪತ್ತೈದು. ಬಿಚ್ಚು, ಸ್ಪ್ರಿಂಗ್‌ಗೆ ಎಣ್ಣೆ, ಒಳಗಿನ ಕಡ್ಡಿಯ ಬೆನ್ನಿಗೆ ತೆಳ್ಳಗೆ ಗ್ರೀಸ್, ಮುಚ್ಚು. ಕಡ್ಡಿಯ ಎರಡು ಪುಟ್ಟ ಕಾಲುಗಳಿಗೆ ಮಾತ್ರ ಕುಂಚ ತಾಗಬಾರದು. ಆ ಕಾಲುಗಳು ಒಳಗಿನ ಲೋಹದ ಎಲೆಯನ್ನು ದಾಟುವಾಗಲೇ ಬೆರಳಿಗೆ ಆ ಉಬ್ಬು ಸಿಗುವುದು. ಅಲ್ಲಿ ಗ್ರೀಸ್ ಬಿತ್ತೋ, ಉಬ್ಬು ಸತ್ತಿತು. ಹೊಸಬರೆಲ್ಲ ಮಾಡುವ ತಪ್ಪು ಅದೇ. ಎಷ್ಟು ಜನರಿಗೆ ಬೈದು ಬಿಡಿಸಿದ್ದೇನೋ, ಲೆಕ್ಕವಿಲ್ಲ.

ಈ ಕೀಬೋರ್ಡು ನಸ್ರುಲ್ ಮೇಷ್ಟ್ರದು. ಮಧ್ಯಾಹ್ನ ಅಂಗಡಿಗೆ ಬಂದವರು ಒಂದು ಸ್ವಿಚ್ ಒತ್ತಿ ನೋಡಿದರು, ಕಣ್ಣು ಮುಚ್ಚಿಕೊಂಡರು. “ಆಂಟಿ, ಈ ಉಬ್ಬು ಬೇರೆ ಯಾರ ಕೈಲೂ ಬರಲ್ಲ. ಬೂನ್ ತೇಕ್ ಅಣ್ಣಂಗೆ ದೇವರು ಬೆರಳು ಕೊಟ್ಟವ್ನೆ.”

ಹೌದು ಹೌದು ಅಂದೆ. ಗಿರಾಕಿ ತಾನೆ.

ಈ ಸ್ವಿಚ್ ಹದಿನೆಂಟು ಸಲ ಕೆಟ್ಟು ಹತ್ತೊಂಬತ್ತನೆಯ ಸಲ ಕೂಡಿಬಂದದ್ದು ನನ್ನ ಅಡುಗೆಮನೆಯ ಮೇಜಿನ ಮೇಲೆ. ಒಂದು ಸ್ವಿಚ್‌ನ ಗೂಡು, ಇನ್ನೊಂದರ ಕಡ್ಡಿ, ಮತ್ತೊಂದರ ಸ್ಪ್ರಿಂಗ್. ಕಡ್ಡಿಯ ಕಾಲುಗಳನ್ನು ಉಗುರು ಉಜ್ಜುವ ಅರದಿಂದ ಉಜ್ಜಿದವಳು ನಾನು. ಅದಕ್ಕೆ ಹೆಸರೂ ಇಟ್ಟಿರಲಿಲ್ಲ — ‘ಹತ್ತೊಂಬತ್ತು’ ಅನ್ನುತ್ತಿದ್ದೆವು, ಗಂಡಹೆಂಡತಿ ನಾವಿಬ್ಬರೇ. ಆಮೇಲೆ ಕಾರ್ಖಾನೆಯಿಂದ ಪೆಟ್ಟಿಗೆ ಬಂತು. ಮೇಲೆ ಬಿ.ಟಿ. ಸ್ವಿಚ್ ಅಂತ, ಬೂನ್ ತೇಕ್‌ನ ಹೆಸರೇ ಅಚ್ಚಾಗಿತ್ತು. ಏನಿದು ಅಂದರೆ, “ಹೆಂಗಸು ಮಾಡಿದ್ದು ಅಂದ್ರೆ ಈ ಕೀಬೋರ್ಡ್ ಹುಚ್ಚರ ಗುಂಪಲ್ಲಿ ಯಾರೂ ಮುಟ್ಟಲ್ಲ ಕಣೆ, ವ್ಯಾಪಾರ ನೋಡು” ಅಂದಿದ್ದ ಬೂನ್ ತೇಕ್. ವ್ಯಾಪಾರ ನೋಡಿದೆ. ಅದೇ ವರ್ಷ ಗಂಡನೂ ಬಿಟ್ಟು ಹೋದ.

ಆರು ವರ್ಷವಾಯಿತು. ಇನ್ನೂ ಉರಿಯುತ್ತದೆ.

ಮಾರ್ಚ್ 7, ಗುರುವಾರ

ಅವಳು ಬಂದಿದ್ದಳು. ಪೆಕ್ ಯೀ. ಬೂನ್ ತೇಕ್‌ನ ಈಗಿನ ಹೆಂಡತಿ. ಮಾಲ್‌ನ ಮೂರನೇ ಮಹಡಿಯ ನನ್ನ ಅಂಗಡಿಯಲ್ಲಿ, ಅಷ್ಟು ಜನರ ಮುಂದೆ, “ಅಕ್ಕಾ” ಅಂದಳು. ಯಾರಿಗೆ ಯಾರು ಅಕ್ಕ? ಸ್ಟೂಲು ತೋರಿಸಲಿಲ್ಲ. ನಿಂತೇ ಮಾತಾಡಿದಳು.

ಬೂನ್ ತೇಕ್‌ಗೆ ನರದ ಕಾಯಿಲೆಯಂತೆ. ಕೈ ಸೋಲುತ್ತಿದೆ, ನಾಲಿಗೆಯೂ ತೊದಲುತ್ತಿದೆ. ವಾಸಿಯಾಗುವ ಪೈಕಿ ಅಲ್ಲ ಅಂದಿದ್ದಾರೆ ಆಸ್ಪತ್ರೆಯಲ್ಲಿ. ಫೋನ್ ಗಾಜಿನ ಮೇಲೆ ಬೆರಳು ಜಾರಿ ಎಲ್ಲೆಲ್ಲೋ ಹೋಗುತ್ತದಂತೆ. ತಾನು ಬರೆದುಕೊಡುತ್ತೇನೆ ಅಂದರೆ ಒಪ್ಪುವುದಿಲ್ಲವಂತೆ. ಅವನದೇ ಕೀಬೋರ್ಡುಗಳು ಮನೆಯಲ್ಲಿ ಹನ್ನೊಂದಿವೆ, ಒಂದೂ ಒತ್ತಲು ಆಗುತ್ತಿಲ್ಲ.

“ಅವ್ರು ಒತ್ತೋ ಅಂಥದ್ದು ಒಂದು ಮಾಡ್ಕೊಡಿ ಅಕ್ಕ. ನಿಮ್ಮ ಕೈದೇ ಆಗ್ಬೇಕಂತೆ. ಹತ್ತೊಂಬತ್ತೇ ಬೇಕಂತೆ.”

ಹತ್ತೊಂಬತ್ತು. ಬಿ.ಟಿ. ಅನ್ನಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ.

ಭಾನುವಾರ ಬರುತ್ತೇನೆ ಅಂದೆ. ಯಾಕೆ ಅಂದೆನೋ.

ಮಾರ್ಚ್ 10, ಭಾನುವಾರ

ಜೆಲುಟಾಂಗ್‌ನಲ್ಲಿ ಅವರ ಮನೆ. ಎಂಟನೇ ಮಹಡಿ. ಲಿಫ್ಟಿನಲ್ಲಿ ವಾಪಸ್ ಹೋಗಿಬಿಡೋಣ ಅನ್ನಿಸಿತು.

ಸಣ್ಣಗಾಗಿದ್ದಾನೆ. ಪೆಕ್ ಯೀ ಗಂಜಿ ಕುಡಿಸುತ್ತಿದ್ದಳು, ಗಲ್ಲ ಒರೆಸುತ್ತಿದ್ದಳು. ಸುಮ್ಮನೆ ನೋಡಿದೆ. ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಅದರ ಹಿಂದೆಯೇ ಇನ್ನೊಂದು ಅನ್ನಿಸಿತು. ಅದನ್ನು ಇಲ್ಲಿಯೂ ಬರೆಯುವುದಿಲ್ಲ.

ನಮ್ಮ ಹಳೇ ಪದ್ಧತಿ — ಕೀ ಮೇಲೆ ಐವತ್ತು ಸೆನ್ ನಾಣ್ಯ ಒಂದರ ಮೇಲೊಂದು ಇಡುವುದು. ಎಷ್ಟಕ್ಕೆ ಕೀ ಕೆಳಗಿಳಿಯಿತೋ ಅಷ್ಟು ಅದರ ಭಾರ. ಮಾಮೂಲು ಹತ್ತೊಂಬತ್ತಕ್ಕೆ ಹನ್ನೊಂದು ನಾಣ್ಯ ಬೇಕು. ಹೀಗೆ ಅಳೆದ ಹತ್ತು ಸ್ವಿಚ್ ಒಯ್ದಿದ್ದೆ. ಮೂರು ನಾಣ್ಯದ್ದು, ನಾಲ್ಕರದ್ದು, ಹೀಗೆ ಹನ್ನೆರಡರ ತನಕ. ಬೆರಳ ಕೆಳಗೆ ಒಂದೊಂದಾಗಿ ಇಟ್ಟೆ. ಎಂಟರ ತನಕ ಒತ್ತಿದ. ಒಂಬತ್ತಕ್ಕೆ ಬೆರಳು ನಡುಗಿ ನಿಂತಿತು.

ನಡುವೆ ಏನೋ ಹೇಳಲು ಬಾಯಿ ತೆರೆದ. ಗಂಟಲಿಂದ ಹೊರಡುವುದಕ್ಕೇ ಹೊತ್ತು ಹಿಡಿಯಿತು. “ಮಾತು ಬೇಡ, ಒತ್ತು” ಅಂದೆ. ಒತ್ತಿದ.

ಗುಂಪಿನ ಎಲ್ಲ ಮೀಟಿಂಗಿನಲ್ಲೂ ಮೇಜು ಮೇಜಿಗೆ ಓಡಾಡಿ, ಹಗುರ ಸ್ಪ್ರಿಂಗ್ ಇಟ್ಟುಕೊಂಡವರನ್ನು “ಏನ್ರೀ, ಇನ್ನೂ ಹಾಲು ಹಲ್ಲಾ?” ಅಂತ ಆಡಿಕೊಳ್ಳುತ್ತಿದ್ದವನು ಇವನು.

ಮಾರ್ಚ್ 13, ಬುಧವಾರ

ಯೋಚಿಸಿದೆ. ಬರೆದರೆ ಸರಿಯಾಗಿ ಕಾಣುತ್ತದೆ.

ಉಬ್ಬಿಲ್ಲದ, ನೇರ ಇಳಿಯುವ ಸ್ವಿಚ್, ಐದು ನಾಣ್ಯದ್ದು. ಅರ್ಧ ದಿನದ ಕೆಲಸ. ಆದರೆ ಅವನಿಗೆ ಅದು ಬೇಡ.

ಹತ್ತೊಂಬತ್ತಕ್ಕೇ ತೀರಾ ಹಗುರ ಸ್ಪ್ರಿಂಗ್ ಹಾಕಬಹುದು. ಹಾಕಿ ನೋಡಿದೆ. ಒತ್ತಿದ ಕೀ ಮೇಲೇಳುವುದಿಲ್ಲ, ಉಬ್ಬು ಕೆಳಗೇ ಹಿಡಿದುಕೊಳ್ಳುತ್ತದೆ.

ಮೂರನೆಯ ದಾರಿ. ಹಗುರ ಸ್ಪ್ರಿಂಗ್ ಹಾಕಿ ಕಡ್ಡಿಯ ಕಾಲಿಗೆ ಚೆನ್ನಾಗಿ ಗ್ರೀಸ್ ಬಳಿಯುವುದು. ಉಬ್ಬು ಕರಗುತ್ತದೆ, ಕೀ ಸಲೀಸಾಗಿ ಏಳುತ್ತದೆ, ಐದು ನಾಣ್ಯಕ್ಕೆ ಇಳಿಯುತ್ತದೆ. ಒಂದು ಮಾಡಿ ನೋಡಿದೆ. ಸರಿಯಾಗಿತ್ತು. ಅವನ ಬೆರಳಿಗೆ ಹೇಳಿ ಮಾಡಿಸಿದ ಹಾಗಿತ್ತು.

ಕಿತ್ತು ಒರೆಸಿಬಿಟ್ಟೆ.

ಆ ಉಬ್ಬು ಒಂದೇ ನನ್ನದು. ಹೆಸರು ಹೋಯಿತು, ದುಡ್ಡು ಹೋಯಿತು, ಗಂಡ ಹೋದ. ಉಬ್ಬನ್ನು ಯಾರೂ ಒಯ್ಯಲಾಗಲಿಲ್ಲ. ಈಗ ನನ್ನ ಕೈಯಾರೆ, ಒಂದಲ್ಲ ಎರಡಲ್ಲ ಅರವತ್ತೇಳು, ಅದೂ ಅವನಿಗೋಸ್ಕರ ಕೊಲ್ಲಬೇಕು. ಕದ್ದವನಿಗೆ ಕದ್ದದ್ದು ಏನೆಂದಾದರೂ ಗೊತ್ತಾಗಲಿ.

ಮಾರ್ಚ್ 14

ಇವತ್ತು ಮುಟ್ಟಲಿಲ್ಲ.

ಮಾರ್ಚ್ 29, ಶುಕ್ರವಾರ

ಪೆಕ್ ಯೀ ಮತ್ತೆ ಫೋನ್ ಮಾಡಿದ್ದಳು. ಸ್ಪ್ರಿಂಗ್ ಬಂದಿಲ್ಲ ಅಂದೆ. “ಪರವಾಗಿಲ್ಲ ಅಕ್ಕ, ನಿಧಾನಕ್ಕೆ ಮಾಡಿ” ಅಂದಳು. ಅವಳು ಹಾಗೆ ಅನ್ನಬಾರದಿತ್ತು. ಜಗಳಕ್ಕೆ ಬಂದಿದ್ದರೆ ನನಗೂ ಹಗುರಾಗುತ್ತಿತ್ತು.

ಸ್ಪ್ರಿಂಗ್ ಡ್ರಾಯರಿನಲ್ಲೇ ಇವೆ. ನಾಲ್ಕು ಬಗೆಯವು.

ಏಪ್ರಿಲ್ 5, ಶುಕ್ರವಾರ

ನಿನ್ನೆ ಹಿರಿಯರ ಸಮಾಧಿ ತೊಳೆಯುವ ಹಬ್ಬ, ಅಮ್ಮನ ಸಮಾಧಿಗೆ ಹೋಗಿ ಹುಲ್ಲು ಕಿತ್ತು, ಕಿತ್ತಳೆ ಇಟ್ಟು ಬಂದೆ. ಊರಿನ ಕುಟುಂಬಗಳೆಲ್ಲ ಬಂದಿದ್ದವು, ಜಾತ್ರೆಯಷ್ಟು ಜನ. ನಾನು ಮಾತ್ರ ಒಂಟಿ. ಕಲ್ಲಿನ ಮೇಲೆ ಅಮ್ಮನ ಹೆಸರಿನ ಬಣ್ಣ ಮಾಸಿತ್ತು, ಹೊಸದಾಗಿ ಬಳಿದೆ. ನನ್ನದಕ್ಕೆ ಯಾರು ಬಳಿಯುತ್ತಾರೆ ಅನ್ನಿಸಿತು.

ಬಂದವಳೇ ಕೂತು ಕೀಬೋರ್ಡ್ ಮುಗಿಸಿದೆ. ಸ್ಪ್ರಿಂಗ್ ಮಧ್ಯಮದ್ದು. ಕಾಲುಗಳನ್ನು ಮುಟ್ಟಲಿಲ್ಲ, ಉಬ್ಬು ಪೂರ್ತಿ ಇದೆ. ನಾಣ್ಯ ಇಟ್ಟೆ. ಒಂಬತ್ತು. ಅವನದು ಎಂಟು. ಒಂದೇ ನಾಣ್ಯ ಹೆಚ್ಚು. ಗಂಡಸು, ಒಂದು ನಾಣ್ಯದಷ್ಟು ತಿಣುಕಲಿ.

ನಾಲ್ಕು ವಾರವಾಯಿತು ಅಳೆದು. ಮತ್ತೆ ಅಳೆಯಬೇಕಿತ್ತೇನೋ.

ಏಪ್ರಿಲ್ 6, ಶನಿವಾರ

ಕೊಟ್ಟು ಬಂದೆ. ಮಡಿಲಲ್ಲಿಟ್ಟಾಗ ಮೊದಲು ಒತ್ತಲಿಲ್ಲ, ಸವರಿದ. ಆಮೇಲೆ ಒಂದು ಕೀ ಮೇಲೆ ಬೆರಳಿಟ್ಟ. ಇಳಿಯಲಿಲ್ಲ. ಇನ್ನೊಂದು ಕೈಯನ್ನು ಎಳೆದು ತಂದು ಬೆರಳ ಮೇಲೆ ಬೆರಳಿಟ್ಟು ಅದುಮಿದ. ಉಬ್ಬು ದಾಟಿತು. ಟಕ್. ಆ ಸದ್ದು ಎಲ್ಲಿ ಕೇಳಿದರೂ ಗುರುತು ಹಿಡಿಯುತ್ತೇನೆ.

ಕಣ್ಣಲ್ಲಿ ನೀರು ಬಂತು, ಅವನಿಗೆ. ನೋವಿಗೋ ಏನೋ. ನನಗೆ ಖುಷಿಯಾಯಿತು. ಹೌದು, ಆಯಿತು. ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು?

“ಸ್ವಲ್ಪ ಗಟ್ಟಿ ಅಲ್ವಾ ಅಕ್ಕ?” ಅಂದಳು ಪೆಕ್ ಯೀ.

“ಹತ್ತೊಂಬತ್ತೇ ಬೇಕು ಅಂದ್ರಲ್ಲ. ಹತ್ತೊಂಬತ್ತು ಇರೋದೇ ಹಿಂಗೆ.”

ಅವನು ತಲೆಯಾಡಿಸಿದ. ಸಾಕು, ಇದೇ ಸಾಕು ಅನ್ನುವ ಹಾಗೆ.

ಏಪ್ರಿಲ್ 11, ಗುರುವಾರ

ನಸ್ರುಲ್ ಮೇಷ್ಟ್ರು ರಂಜಾನ್ ಹಬ್ಬದ ಊಟ ತಂದುಕೊಟ್ಟರು. ತೆಂಗಿನ ಗರಿಯಲ್ಲಿ ಕಟ್ಟಿ ಬೇಯಿಸಿದ ಅನ್ನ, ಮಾಂಸದ ಪಲ್ಯ. ಒಳ್ಳೆಯ ಮನುಷ್ಯ. ಒಳ್ಳೆಯವರೇ ಹೆಚ್ಚು ಚುಚ್ಚುವುದು. ಬೂನ್ ತೇಕ್ ಅಣ್ಣ ನಮ್ಮ ಗುಂಪಿಗೆ ಏನೋ ದೊಡ್ಡದು ಬರೆಯುತ್ತಿದ್ದಾರಂತೆ, ಹೆಂಡತಿ ಹೇಳಿದರಂತೆ. ಎಲ್ಲರೂ ಕಾಯುತ್ತಿದ್ದಾರಂತೆ.

ಗೊತ್ತಾಯಿತು. ಬೀಳ್ಕೊಡುಗೆ ಭಾಷಣ. ‘ನಾನು ಹೇಗೆ ಕಷ್ಟಪಟ್ಟೆ, ಬಿ.ಟಿ. ಸ್ವಿಚ್ ಹೇಗೆ ಹುಟ್ಟಿತು’ ಅಂತ ಬರೆಯುತ್ತಾನೆ. ಇನ್ನೂರು ಜನ ಫೋನಿನಲ್ಲಿ ಅಳುವ ಮುಖದ ಚಿತ್ರ ಒತ್ತುತ್ತಾರೆ. ಅದನ್ನು ಬರೆಯಲಿಕ್ಕೂ ನನ್ನ ಕೈಯದೇ ಬೇಕಾಯಿತು. ಎಂಥ ನಾಚಿಕೆಗೆಟ್ಟವನು.

ಊಟ ಸೇರಲಿಲ್ಲ. ಫ್ರಿಜ್ಜಿನಲ್ಲಿಟ್ಟೆ.

ಏಪ್ರಿಲ್ 20, ಶನಿವಾರ

ಪೆಕ್ ಯೀ ಫೋನು. ಈಗ ಎರಡು ಕೈ ಸೇರಿಸಿದರೂ ಇಳಿಯುತ್ತಿಲ್ಲವಂತೆ. ದಿನಕ್ಕೆ ಒಂದೆರಡು ಪದ ಒತ್ತುತ್ತಿದ್ದವನು ಈಗ ಮೂರು ದಿನದಿಂದ ಸುಮ್ಮನೆ ನೋಡುತ್ತಾ ಕೂರುತ್ತಾನಂತೆ. ಸ್ವಲ್ಪ ಮೆತ್ತಗೆ ಮಾಡಲಿಕ್ಕೆ ಆಗುತ್ತದಾ ಅಂದಳು.

ಆಗುವುದಿಲ್ಲ ಅಂದೆ.

ಏಪ್ರಿಲ್ 25, ಗುರುವಾರ

ಹೊಸ ಗಿರಾಕಿಯೊಬ್ಬಳು ಬಂದಿದ್ದಳು. ಹಲ್ಲಿನ ಡಾಕ್ಟರು, ವಯಸ್ಸು ಐವತ್ತು ದಾಟಿದೆ. ಮೊದಲ ಸಲ ತಾನೇ ಗ್ರೀಸ್ ಹಚ್ಚಿದ್ದಾಳೆ, ಎಲ್ಲ ಕಾಲುಗಳಿಗೂ ಮೆತ್ತಿದ್ದಾಳೆ. ಉಬ್ಬು ಎಲ್ಲಿ ಹೋಯ್ತು ಅಂತ ಅಳುಮೋರೆ. ಬಯ್ಯೋಣ ಅಂತ ಒತ್ತಿದೆ. ಬೆರಳು ಇಟ್ಟದ್ದೇ ತಡ, ಹಾಗೇ ಇಳಿದುಹೋಯಿತು. ಏನೂ ತಡೆಯಲಿಲ್ಲ.

ಬಯ್ಯಲಿಲ್ಲ. ನಾಳೆ ಬನ್ನಿ ಅಂದೆ.

ಅಂಗಡಿ ಬೇಗ ಮುಚ್ಚಿದೆ. ಹತ್ತೊಂಬತ್ತರ ಡಬ್ಬಿ ತೆಗೆದು ಅರವತ್ತೇಳು ಎಣಿಸಿಕೊಂಡೆ. ಹಗುರ ಸ್ಪ್ರಿಂಗ್ ಹಾಕಿ ಒಂದೊಂದರ ಕಾಲಿಗೂ ಗ್ರೀಸ್ ಬಳಿದೆ. ಮೊದಲ ಹತ್ತರ ತನಕ ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಮಾಮೂಲು ಕೆಲಸದ ಹಾಗೆ ಆಯಿತು. ಐದು ನಾಣ್ಯ. ಮಾರ್ಚ್ ಹದಿಮೂರಕ್ಕೇ ಗೊತ್ತಿದ್ದ ಐದು ನಾಣ್ಯ.

ಏಪ್ರಿಲ್ 28, ಭಾನುವಾರ, ಸಂಜೆ

ಹಾಸಿಗೆ ಹಿಡಿದಿದ್ದಾನೆ. ಮೂಗಿಗೆ ನಳಿಕೆ. ಹೊಸ ಕೀಬೋರ್ಡನ್ನು ಹೊಟ್ಟೆಯ ಮೇಲಿಟ್ಟು, ಅವನ ಬೆರಳನ್ನು ನಾನೇ ಹಿಡಿದು ಕೀ ಮೇಲಿಟ್ಟೆ. ಆರು ವರ್ಷದ ಮೇಲೆ ಆ ಕೈ ಮುಟ್ಟಿದ್ದು. ಬೆರಳು ಅಲ್ಲೇ ಕೂತಿತ್ತು. ಕೀ ಇಳಿಯಲಿಲ್ಲ. ಐದು ನಾಣ್ಯವಿರಲಿ, ಒಂದು ನಾಣ್ಯದಷ್ಟು ಬಲವೂ ಆ ಬೆರಳಲ್ಲಿ ಉಳಿದಿರಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ.

ಅಷ್ಟು ಬರೆಯೋದು ಏನಿತ್ತು ಅಂತ ಪೆಕ್ ಯೀಯನ್ನು ಕೇಳಿದೆ. ಸ್ವಲ್ಪ ಗಡುಸಾಗಿಯೇ ಕೇಳಿದೆ. ಅವಳು ಕಂಪ್ಯೂಟರ್ ತಿರುಗಿಸಿ ತೋರಿಸಿದಳು. ಎಷ್ಟಿತ್ತೋ ಅಷ್ಟನ್ನೂ ಇಲ್ಲಿ ಇಳಿಸುತ್ತೇನೆ.

‘ಗುಂಪಿನ ಎಲ್ಲರಿಗೂ. ನೀವು ಬಿ.ಟಿ. ಅನ್ನುವ ಸ್ವಿಚ್ ನಾನು ಮಾಡಿದ್ದಲ್ಲ. ಆರು ವರ್ಷ ಸುಳ್ಳು ಹೇಳಿದೆ. ಅದರ ನಿಜವಾದ ಹೆಸರು ಹತ್ತೊಂಬತ್ತು. ಈ ಸಾಲುಗಳನ್ನು ಅದರಲ್ಲೇ ಒತ್ತುತ್ತಿದ್ದೇನೆ. ಅದನ್ನು ಮಾಡಿದವಳ ಹೆಸರು’

ಅಲ್ಲಿಗೆ ನಿಂತಿದೆ. ಹದಿನೇಳನೇ ತಾರೀಖು.

“ನೀವು ಮೊದಲ್ನೇ ಸಲ ಮನೆಗೆ ಬಂದ ದಿನಾನೇ ಹೇಳ್ಬೇಕು ಅಂತಿದ್ರು ಅಕ್ಕ. ನೀವು ಮಾತು ಬೇಡ ಅಂದ್ರಿ. ಇರ್ಲಿ ಬಿಡು, ಬರೆದೇ ತೋರಿಸ್ತೀನಿ ಅಂದ್ರು.”

 ಅವಳು ಅಳುತ್ತಿದ್ದಳು.

ಆಮೇಲೆ ಹೊಸ ಕೀಬೋರ್ಡನ್ನು ನನ್ನ ಕಡೆಗೆ ಸರಿಸಿದಳು. “ಹೆಸರು ಒಂದೇ ಉಳ್ಕೊಂಡಿರೋದು. ನೀವೇ ಒತ್ಬಿಡಿ. ಅವ್ರ ಕಣ್ಣೆದುರಿಗೇ. ಅವ್ರಿಗೂ ಅದೇ ಬೇಕು.”

ಅವನು ರೆಪ್ಪೆ ಮುಚ್ಚಿ ತೆರೆದ. ಒತ್ತು ಅಂದ ಹಾಗೆ.

ಬೆರಳಿಟ್ಟೆ. ಎಷ್ಟು ಮೆತ್ತಗಿತ್ತು. ಉಸಿರು ಬಿಟ್ಟರೂ ಇಳಿಯುತ್ತಿತ್ತೇನೋ. ಒತ್ತಲಾಗಲಿಲ್ಲ. ನನ್ನ ಹೆಸರು ನಾನೇ ಒತ್ತಿಕೊಂಡರೆ ಅದು ಅವನು ಹೇಳಿದ್ದು ಹೇಗಾಗುತ್ತದೆ? ನಾಳೆ ಯಾರಾದರೂ ಕೇಳಿದರೆ? ಯಾರೂ ಕೇಳದಿದ್ದರೂ ನನಗೆ ಗೊತ್ತಿರುತ್ತದೆ.

ಬರುವಾಗ ಮೊದಲಿನ, ಒಂಬತ್ತು ನಾಣ್ಯದ ಕೀಬೋರ್ಡನ್ನು ಚೀಲಕ್ಕೆ ಹಾಕಿಕೊಂಡೆ. 

ಏಪ್ರಿಲ್ 30, ಮಂಗಳವಾರ

ಅಂಗಡಿ ತೆರೆಯಲಿಲ್ಲ. ನಸ್ರುಲ್ ಮೇಷ್ಟ್ರ ಊಟ ಫ್ರಿಜ್ಜಿನಲ್ಲಿ ಕೆಟ್ಟಿತ್ತು, ಎಸೆದೆ.

ಅವನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಭಾಷಣ ಬರೆಯುತ್ತಿದ್ದಾನೆ ಅಂದುಕೊಂಡಿದ್ದೆ. ಆರು ವರ್ಷ ಏನಕ್ಕೆ ಕಾದಿದ್ದೆನೋ ಅದನ್ನೇ ಬರೆಯುತ್ತಿದ್ದ. ತಡವಾಗಿ ಬರೆದ, ಸಾಯುವ ಭಯಕ್ಕೆ ಬರೆದ, ಅದೂ ನಿಜ. ಕ್ಷಮಿಸಿಲ್ಲ. ಆದರೆ ಬರೆಯುತ್ತಿದ್ದ. ಒಂದೊಂದು ಅಕ್ಷರವನ್ನೂ ಎರಡು ಕೈಯಲ್ಲಿ ಅದುಮಿ, ಒಂಬತ್ತು ನಾಣ್ಯದ ಭಾರ ದಾಟಿಸಿ. ಐದು ನಾಣ್ಯದ್ದು ಮಾರ್ಚ್‌ನಲ್ಲೇ ಕೊಟ್ಟಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಸಿ, ಗುಂಪಿಗೆ ಕಳಿಸಿ, ಗಂಜಿ ಕುಡಿದು ಮಲಗುತ್ತಿದ್ದ.

ಆ ಕೀಬೋರ್ಡ್ ಈಗ ನನ್ನ ಮಡಿಲಲ್ಲಿದೆ. ತಂತಿ ಎಲ್ಲಿಗೂ ಸೇರಿಸಿಲ್ಲ. ನನ್ನ ಹೆಸರನ್ನು ಅದರಲ್ಲಿ ಒತ್ತಿ ನೋಡಿದೆ, ಅವನ ಹಾಗೆ, ಬೆರಳ ಮೇಲೆ ಬೆರಳಿಟ್ಟು. ಖೋರ್ ಸಾವ್ ಇಮ್. ಒಂದೊಂದು ಅಕ್ಷರಕ್ಕೂ ಒಂದೊಂದು ಟಕ್. ಉಬ್ಬು ಚೆನ್ನಾಗಿದೆ. ಎಲ್ಲೂ ತಪ್ಪಿಲ್ಲ. ಎಷ್ಟು ಚೆನ್ನಾಗಿ ಮಾಡಿದ್ದೆನೆಂದರೆ, ಅವನ ಬೆರಳು ನನ್ನ ಹೆಸರಿನ ತನಕ ಬಂದು ಅಲ್ಲೇ ನಿಂತುಬಿಟ್ಟಿತು.