ನಿಮ್ಮ ಪಟ್ಟಿಯಲ್ಲಿ ವಾಸಿಯಾದ ನನ್ನ ಮೂಗು

ಗುಣಮುಖರಾದವರ ಪಟ್ಟಿ ಬರೆಯುವ ಮಾನ್ಯ ಅಧಿಕಾರಿಗಳೇ,

ಆಸ್ಪತ್ರೆಯ ಗೇಟಿಗೆ ನೀವು ಕಟ್ಟಿಸಿದ ಬ್ಯಾನರನ್ನು ಕಂಡು ಕೃತಾರ್ಥನಾದೆ. ‘ಸೈನಸ್ ಶಸ್ತ್ರಚಿಕಿತ್ಸೆ: ನೂರಕ್ಕೆ ನೂರು ರೋಗಿಗಳು ಸಂಪೂರ್ಣ ಗುಣಮುಖ’ ಎಂದು ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದೀರಿ. ಆ ಗುಣಮುಖರಲ್ಲಿ ನಾನೂ ಒಬ್ಬ. ನನಗೆ ವಾಸನೆ ಬರುವುದಿಲ್ಲ. ಈ ಕ್ಷುಲ್ಲಕ ಸಂಗತಿಯನ್ನು ನಿಮ್ಮ ಸಂತೋಷಕ್ಕೆ ಭಂಗ ಬಾರದಂತೆ ತಿಳಿಸುವುದು ಹೇಗೆಂದು ಬಹಳ ಯೋಚಿಸಿದೆ. ಕಡೆಗೆ ಊರಿಗೆಲ್ಲ ಕೇಳುವಂತೆ ತಿಳಿಸುವುದೇ ಮೇಲೆನಿಸಿತು.

ನಾನು ಪಾಲಬಾವಿಯ ಬೆಲ್ಲದ ಗಾಣದಲ್ಲಿ ಪಾಕ ನೋಡುವವನು. ಕುದಿಯುವ ಕಬ್ಬಿನ ಹಾಲನ್ನು ಒಲೆಯಿಂದ ಇಳಿಸುವ ಹೊತ್ತು ಬಂತೆಂದು ಕಣ್ಣಿಗಿಂತ ಮೊದಲು ಮೂಗು ಹೇಳುತ್ತದೆ. ಬಣ್ಣ ತಿರುಗಿದ್ದು ಕಣ್ಣಿಗೆ ಕಾಣುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಇಪ್ಪತ್ತೆಂಟು ವರ್ಷ ನನ್ನ ಮನೆ ನಡೆದದ್ದು ಈ ಮೂಗಿನ ಮೇಲೆ.

ಉಪಕಾರ ಮರೆಯುವವನಲ್ಲ ನಾನು. ನಾಲ್ಕು ವರ್ಷ ಮೂಗು ಕಟ್ಟುತ್ತ ಬಿಡುತ್ತ, ಹೋದ ವರ್ಷದ ಗಾಣ ಮುಗಿದ ಮೇಲೆ ವಾಸನೆಯೂ ಪೂರ್ತಿ ಹೋಗಿ, ಹಣೆ ಸಿಡಿದು, ಬಾಯಲ್ಲಿ ಉಸಿರಾಡಿಕೊಂಡು ತಿರುಗುತ್ತಿದ್ದವನಿಗೆ ಕಳೆದ ಆಷಾಢದಲ್ಲಿ ನಿಮ್ಮ ಡಾಕ್ಟರು ಮೂಗಿನೊಳಗಿನ ದುರ್ಮಾಂಸ ತೆಗೆದರು. ಒಳ್ಳೆಯ ಕೈ ಅವರದು. ತಲೆನೋವು ಹೋಯಿತು. ಮೂರನೆಯ ವಾರ ಹೆಂಡತಿ ಗಂಗಾ ಬಳ್ಳೊಳ್ಳಿ ಒಗ್ಗರಣೆ ಹಾಕಿದಳು. ಅಂಗಳದಲ್ಲಿದ್ದವನಿಗೆ ವಾಸನೆ ಬಂತು; ಓಡಿಬಂದು ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. “ಹುಚ್ಚ ಹಿಡದೈತೇನ್ರಿ ನಿಮಗ? ಒಗ್ಗರಣಿಗೆ ಯಾರರ ಅಳ್ತಾರೇನು?” ಎಂದವಳು ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು. ಡಾಕ್ಟರು ಮೊದಲೇ ಎಚ್ಚರಿಸಿದ್ದರು: “ದುರ್ಮಾಂಸ ಮತ್ತ ಬೆಳೀಬಹುದು ಕಾಕಾ. ಉಪ್ಪನೀರಿಲೆ ಮೂಗ ತೊಳಕೊಳ್ಳೂದು, ಸ್ಪ್ರೇ ಹೊಡಕೊಳ್ಳೂದು ಬಿಡಬ್ಯಾಡ್ರಿ. ಮೂರ ತಿಂಗಳಿಗೆ ಕರೀತಾರ, ಮೂಗಿನಾಗ ದುರ್ಬೀನ ಹಾಕಿ ನೋಡೂನು.” ತೊಳೆಯುವುದು, ಸ್ಪ್ರೇ ಎರಡನ್ನೂ ಒಂದು ದಿನವೂ ತಪ್ಪಿಸಲಿಲ್ಲ.

ಮೂರು ತಿಂಗಳಿಗೆ ಸರಿಯಾಗಿ ಕರೆದಿರಿ, ಫೋನಿನಲ್ಲಿ. “ಲಗಮಣ್ಣಾರೇನ್ರಿ? ಆರಾಮ ಅದೀರೇನ್ರಿ?” ಎಂದಳು ಒಬ್ಬ ಹೆಣ್ಣುಮಗಳು. “ಹೂನ್ರೀ, ಆರಾಮ. ನೀವೆಲ್ಲಾ ಆರಾಮೇನ್ರಿ?” ಎಂದೆ. ಫೋನು ಕಟ್ಟಾಯಿತು. ಮುಗಿಯಿತು ನನ್ನ ತಪಾಸಣೆ.

ಆ ವಾರವೇ ಮೂಗು ಮತ್ತೆ ಬಿಗಿಯತೊಡಗಿತ್ತು. ಹಾಗಾದರೆ ಆರಾಮ ಎಂದು ಯಾಕೆ ಅಂದೆ ಎನ್ನುತ್ತೀರಾ? ಮಾನ್ಯರೇ, ರಾಯಬಾಗದಿಂದ ಅಥಣಿಯವರೆಗೆ ಯಾರನ್ನಾದರೂ ಹೀಗೆ ಕೇಳಿ ನೋಡಿ. ಸಲೈನು ಹಚ್ಚಿಸಿಕೊಂಡು ಮಲಗಿದವನೂ ಆರಾಮ ಎನ್ನುತ್ತಾನೆ. ಮೊದಲು ಆರಾಮ, ಆಮೇಲೆ ಮಳೆ ಬೆಳೆ, ಆಮೇಲೆ ದನಕರು, ಕಟ್ಟಕಡೆಗೆ “ಒಂದೀಟ ಮೂಗಿಂದು ತ್ರಾಸ ಐತ್ರಿ.” ಕೇಳಿದ ಕೂಡಲೇ ರೋಗ ತೋಡಿಕೊಳ್ಳಲು ನಮಗೆ ನಾಚಿಕೆ. ನಿಮ್ಮ ಕಚೇರಿಗೆ ಅಷ್ಟು ಪುರಸೊತ್ತೆಲ್ಲಿ? ನಾವು ಮಾಡಿದ ನಮಸ್ಕಾರವನ್ನೇ ವೈದ್ಯಕೀಯ ವರದಿಯೆಂದು ಬರೆದುಕೊಂಡಿರಿ. ದುರ್ಬೀನು ಬೇಡ, ಡಾಕ್ಟರು ಬೇಡ. ಇಷ್ಟು ಅಗ್ಗದ ವೈದ್ಯಶಾಸ್ತ್ರವನ್ನು ಕಂಡುಹಿಡಿದ ನಿಮಗೆ ಇನ್ನೂ ಯಾರೂ ಶಾಲು ಹೊದಿಸಿಲ್ಲವೇ?

ಕಾರ್ತಿಕದಲ್ಲಿ ಗಾಣ ಶುರುವಾಯಿತು. ಒಂದು ಮಧ್ಯಾಹ್ನ ಮಾಲೀಕ ಧರಣೇಂದ್ರ ರಸ್ತೆಯಿಂದಲೇ ಕೂಗುತ್ತ ಓಡಿಬಂದ. “ಕಾಕಾ, ರಸ್ತೆದಾಗ ನಿಂತಾಂವಗ ಸೀದ ವಾಸನಿ ಬರಾಕತ್ತೈತಿ, ನಿಮಗ ಗೊತ್ತಾಗವಲ್ದೇನ್ರಿ?” ನಾನು ಕೊಪ್ಪರಿಗೆಯ ಮೇಲೆ ಬಾಗಿ ನಿಂತಿದ್ದೆ. ನನಗೆ ಗೊತ್ತಾಗಿರಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ನಾಚಿಕೆ ಪಟ್ಟವನಲ್ಲ ನಾನು. ಅವನು ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. “ಸಂಕ್ರಾಂತಿ ತನಕ ನೋಡೂನು ಕಾಕಾ. ಆಗಲಿಲ್ಲಂದ್ರ ಕಾಗವಾಡದಿಂದ ಬ್ಯಾರೆ ಮನಿಷ್ಯಾನ ಕರಸ್ತೀನಿ” ಎಂದಷ್ಟೇ ಹೇಳಿದ.

ಮರುದಿನವೇ ನಿಮ್ಮಲ್ಲಿಗೆ ಬಂದೆ. ಗುಮಾಸ್ತರು ಕಂಪ್ಯೂಟರ್ ನೋಡಿ, “ನಿಮ್ಮ ಕೇಸ್ ಕ್ಲೋಸ್ ಆಗೇತ್ರಿ. ನೀವು ಆರಾಮ ಅದೀರಿ” ಎಂದರು.

“ಮೂಗ ಇಲ್ಲೇ ಐತಲ್ರೀ ಸಾಹೇಬ್ರ, ಇದನ್ನ ನೋಡ್ರಿ.”

“ಆರಾಮ ಆದವ್ರಿಗೆ ದುರ್ಬೀನ ತಪಾಸಣಿ ಬರಂಗಿಲ್ರಿ. ಹೊಸಾ ರೋಗಿ ಅಂತ ಹೆಸರ ಹಚ್ರಿ, ಮಾರ್ಚ್‌ದಾಗ ಪಾಳಿ ಬರತೈತಿ.”

ನನ್ನ ಮೂಗಿನ ವಿಷಯದಲ್ಲಿ ನನಗಿಂತ ಕಂಪ್ಯೂಟರಿಗೆ ಹೆಚ್ಚು ತಿಳಿದಿದೆಯೆಂದ ಮೇಲೆ ನಾನೇನು ವಾದಿಸಲಿ? ಆದರೂ ಕೇಳುತ್ತೇನೆ: ರೋಗಿ ಗೇಟು ದಾಟಿದೊಡನೆ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತೇ? ಉಸಿರಾಡಲಾಗುತ್ತದೆಯೇ, ವಾಸನೆ ಬರುತ್ತದೆಯೇ, ಮೊದಲಿನ ಕೆಲಸ ಮಾಡಲಾಗುತ್ತದೆಯೇ ಎಂದು ಒಬ್ಬರನ್ನಾದರೂ ಕೂರಿಸಿ ಕೇಳಿದ್ದೀರಾ? ನಿಪ್ಪಾಣಿ, ಚಿಕ್ಕೋಡಿಯ ಕಡೆ ನನ್ನಂಥ ಆರಾಮದವರು ಇನ್ನೆಷ್ಟು ಜನ ಬಾಯಿ ತೆರೆದು ಮಲಗುತ್ತಿದ್ದಾರೋ, ನಿಮಗೂ ಗೊತ್ತಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಸಂಕ್ರಾಂತಿಗೆ ಮೊದಲು ನನ್ನ ಮೂಗಿಗೆ ದುರ್ಬೀನು ಹಾಕಿಸಿ. ಆ ಪಟ್ಟಿಯಲ್ಲಿರುವ ಎಲ್ಲರನ್ನೂ ಕರೆಸಿ ನೋಡುವವರೆಗೆ ಬ್ಯಾನರು ಇಳಿಸಿ. ಫೋನು ಮಾಡುವುದಿದ್ದರೆ ಆರಾಮ ಅಂದ ಮೇಲೂ ಇಡಬೇಡಿ, ನಮ್ಮ ಮಾತು ಅಲ್ಲಿಂದ ಶುರುವಾಗುತ್ತದೆ.

ಇದರೊಂದಿಗೆ ಧರಣೇಂದ್ರ ಕೂಗುತ್ತ ಓಡಿಬಂದ ಆ ದಿನದ ಬೆಲ್ಲದ ಒಂದು ತುಂಡು ಕಳಿಸಿದ್ದೇನೆ. ನಿಮ್ಮ ಮೂಗು ಚೆನ್ನಾಗಿದೆಯೆಂದು ನಂಬಿದ್ದೇನೆ. ಮೂಸಿ ನೋಡಿ, ಎಷ್ಟು ಸೀದಿದೆಯೆಂದು ದಯವಿಟ್ಟು ನನಗೂ ತಿಳಿಸಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಆರಾಮಾಗಿರುವ
ಲಗಮಣ್ಣ, ಪಾಲಬಾವಿ