ಜೋಕಾಲಿ ಹಾಡು ಹಾರುವ ಜಾಗ

ಜನವರಿ ೫, ಭಾನುವಾರ. ಬೆಳಿಗ್ಗೆ ೧೦

ಮೂರನೇ ಟೇಕೂ ಹಾಳು. ಹಾಡು ಇನ್ನೇನು ಮುಗಿಯಬೇಕು, ಕುಕ್ಕರ್ ಕೂಗಿತು. ಸೊಸೆ ಬಿಂದುಶ್ರೀ ಅಡುಗೆಮನೆಯಿಂದಲೇ, "ಅತ್ತೆ, ಅದನ್ನೂ ಸೇರಿಸೇ ಹಾಕಿ, ಲೈಕ್ ಜಾಸ್ತಿ ಬರುತ್ತೆ" ಎಂದಳು. ಅವಳಿಗೆ ತಮಾಷೆ. ಈ ಯುಕುಲೆಲೆ, ನಾಲ್ಕು ತಂತಿಯ ಪುಟ್ಟ ಗಿಟಾರು, ಅವಳದೇ. ಆನ್‌ಲೈನಿನಲ್ಲಿ ತರಿಸಿ, ಹದಿನೈದು ದಿನ ನುಡಿಸಿ, ಬೀರುವಿನ ಮೇಲೆ ಎಸೆದಿದ್ದಳು. ನಾನು ಟೆಲಿಫೋನ್ ಆಫೀಸಿನಿಂದ ರಿಟೈರ್ ಆದ ಮೇಲೆ ಧೂಳು ಒರೆಸಿ ಕೆಳಗಿಳಿಸಿದೆ. ಈಗ ಎರಡು ವರ್ಷ. ಎಡಗೈ ಬೆರಳ ತುದಿ ಗಟ್ಟಿಯಾಗಿದೆ. ಬಿಸಿ ಪಾತ್ರೆ ಹಿಡಿಯಲು ಅನುಕೂಲ.

ನಾಲ್ಕನೇ ಟೇಕ್ ಪರವಾಗಿಲ್ಲ. ಫೇಸ್‌ಬುಕ್ಕಿನ ಗುಂಪಿಗೆ ಹಾಕಿದೆ. ಅಲ್ಲಿ ವಾರಕ್ಕೊಂದು ಎಪ್ಪತ್ತರ ದಶಕದ ಹಾಡು, ಎಲ್ಲರೂ ಅದನ್ನೇ ನುಡಿಸಬೇಕು. ಅಡ್ಮಿನ್ ಪ್ರಸನ್ನಕುಮಾರ್, ಸಾಗರದವರು, ನಿವೃತ್ತ ಲೆಕ್ಕದ ಮೇಷ್ಟ್ರು. ಅರ್ಧ ಗಂಟೆಯೊಳಗೆ ಬರೆದರು: "ಧನಲಕ್ಷ್ಮಿ ಮೇಡಂ, ಎ ಮೈನರ್ ಕಾರ್ಡ್ ತಡವಾಯಿತು." ಕೆಂಪು ಇಂಕು ಒಂದು ಕಮ್ಮಿ.

ಸಂಜೆ ೫

ಮುಂದಿನ ವಾರದ ಹಾಡು ಘೋಷಣೆಯಾಯಿತು. ಜೋಕಾಲಿ ಹಾಡು. 

ಎರಡು ವರ್ಷ ತಪ್ಪಿಸಿಕೊಂಡಿದ್ದೆ. ನಾನು ನುಡಿಸುವುದಿಲ್ಲ. ಬೆರಳು ನೋವು ಎಂದರಾಯಿತು.

ಜನವರಿ ೧೨, ಭಾನುವಾರ. ಮಧ್ಯಾಹ್ನ

ಹತ್ತೊಂಬತ್ತು ಜನ ಹಾಕಿದ್ದಾರೆ. ನುಡಿಸುವುದಿಲ್ಲ ಎಂದವಳು ಕೂತು ಒಂದೊಂದೇ ಕೇಳಿದೆ. ಹದಿನೇಳನೆಯದು ಹೊಸಬರದ್ದು. ಹೆಸರಿನ ಜಾಗದಲ್ಲಿ 'ಭದ್ರಾ ತೀರ' ಅಂತಷ್ಟೇ. ಮುಖ ಇಲ್ಲ. ಮಡಿಲು, ಯುಕುಲೆಲೆ, ಹಸಿರು ಬಳೆ, ಮೆಹಂದಿ ಹಚ್ಚಿದ ಬೆರಳು. ದನಿ ಸ್ವಲ್ಪ ಒಡೆದಿದೆ, ಆದರೂ ಇಂಪು. ಎರಡನೇ ಚರಣದಲ್ಲಿ ಎರಡು ಸಾಲು ಹಾಡಿದ ಮೇಲೆ — ಎಫ್‌ನಿಂದ ನೇರ ಸಿ-ಗೆ. ನಡುವಿನ ಜಿ ಸೆವೆನ್ ಇಲ್ಲ. ಉಳಿದ ಎರಡು ಸಾಲೂ ಇಲ್ಲ. ಚರಣ ಹಾರಿ ಪಲ್ಲವಿಗೆ ಬಂದುಬಿಟ್ಟಿತು.

ಊಟದ ತಟ್ಟೆ ಕೆಳಗಿಟ್ಟೆ.

ಮೇಷ್ಟ್ರು ಆಗಲೇ ಬರೆದಿದ್ದರು: "ಎರಡು ಸಾಲು ಬಿಟ್ಟಿದ್ದೀರಿ. ಪೂರ್ತಿ ಕಲಿತು ಮತ್ತೆ ಹಾಕಿ." ಅವರಿಗೇನು ಗೊತ್ತು. ಭದ್ರಾವತಿಯಲ್ಲಿ, ನಮ್ಮ ಕಾರ್ಖಾನೆ ಕಾಲೋನಿಯಲ್ಲಿ, ಆ ಹಾಡು ಹಾಗೇ. ಭಾನುವಾರ ಸಂಜೆ ಆರಕ್ಕೆ ಕ್ಲಬ್ಬಿನ ಮಾಡಿನ ಮೇಲಿದ್ದ ಹಾರ್ನಿನಲ್ಲಿ ರೆಕಾರ್ಡು ಹಾಕುತ್ತಿದ್ದರು. ನಾನೂರು ಮನೆಗೂ ಕೇಳುತ್ತಿತ್ತು. ಆ ರೆಕಾರ್ಡಿಗೆ ಗೀಚು ಬಿದ್ದು ಮುಳ್ಳು ಅಲ್ಲಿಗೆ ಬಂದಾಗಲೆಲ್ಲ ಹಾರುತ್ತಿತ್ತು. ಮೊದಲೆರಡು ವಾರ ಜನ ನಕ್ಕರು. ಆಮೇಲೆ ಅದನ್ನೇ ಕಲಿತರು. ಹಗ್ಗದ ಮೇಲಿನ ಬಟ್ಟೆಯಿಂದ ಕಾರ್ಖಾನೆ ಹೊಗೆಯ ಕಪ್ಪು ಪುಡಿ ಕೊಡವುತ್ತ ಹೆಂಗಸರು ಹಾಡಿಕೊಳ್ಳುವಾಗ ಸರಿಯಾಗಿ ಅಲ್ಲೇ ಹಾರುತ್ತಿದ್ದರು. ನಲ್ಲಿ ಕಟ್ಟೆಯಲ್ಲೂ ಹಾಗೇ, ಮದುವೆ ಮನೆಯಲ್ಲೂ ಹಾಗೇ. ಎಷ್ಟು ಚೆನ್ನಾಗಿತ್ತು ಆ ಸಂಜೆ ಆರು ಗಂಟೆ! 

ನಾನೂರು ಮನೆಯಲ್ಲಿ ಯಾರು ಬೇಕಾದರೂ ಇರಬಹುದು. ಆದರೆ ನುಡಿಸುವವಳ ಎಡಗೈ ಕಿರುಬೆರಳು ಒಳಕ್ಕೆ ಬಾಗಿದೆ. ವಿಡಿಯೋ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ.

ಮುಸರ್ರತ್.

ಜನವರಿ ೧೩, ಸೋಮವಾರ

ಒಂದು ಸಲ ಬರೆದುಬಿಡುತ್ತೇನೆ. ಇಲ್ಲಿ ಯಾರೂ ಓದುವುದಿಲ್ಲ.

೧೯೭೮. ನಮಗಿಬ್ಬರಿಗೂ ಹದಿನೈದು. ಅವಳ ಅಪ್ಪ ಅಬ್ದುಲ್ ವಹಾಬ್ ಅವರು ಕಾರ್ಖಾನೆಯಲ್ಲಿ ಫಿಟ್ಟರ್. ಕ್ಲಬ್ಬಿನ ರೆಕಾರ್ಡುಗಳನ್ನು ನೋಡಿಕೊಳ್ಳುವುದೂ ಅವರೇ. ಆ ಬೀಗದ ಕೈ ಅವರಿಗೆ ಕಿರೀಟ ಇದ್ದಹಾಗೆ. ಭಾನುವಾರ ಇಸ್ತ್ರಿ ಅಂಗಿ ಹಾಕಿಯೇ ರೆಕಾರ್ಡು ಮುಟ್ಟುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ ಮುಸರ್ರತ್ ಬೀಗದ ಕೈ ಕದ್ದು ತಂದಳು, ನಾನು ಗೋಗರೆದೆ ಎಂದು. ಹಾರ್ನ್ ಆಫ್ ಮಾಡಿ, ಸಣ್ಣಗೆ ಜೋಕಾಲಿ ಹಾಡು ಹಾಕಿದೆವು. ಅವಳು ನೀರು ಕುಡಿಯಲು ಹೊರಗೆ ನಲ್ಲಿಗೆ ಹೋದಳು. ನನಗೆ ನಡುವಿನ ಕೊಳಲು ಇನ್ನೊಂದು ಸಲ ಕೇಳಬೇಕಿತ್ತು. ಮುಳ್ಳನ್ನು ಬೆರಳಿನಿಂದ ಹಿಂದಕ್ಕೆ ಎಳೆದೆ. ಜಾರಿತು. ಕರ್ರ್ ಎಂದಿತು.

ರೆಕಾರ್ಡು ನಿಲ್ಲಿಸಿ ಪಕ್ಕಕ್ಕೆ ಸರಿದೆ. ಅವಳು ಬಂದು ದುಪಟ್ಟಾದಲ್ಲಿ ಒರೆಸಿ ಕವರಿನೊಳಗೆ ಇಟ್ಟಳು. ಮರುದಿನ ಎಲ್ಲರ ಮುಂದೆ ಹಾಡು ಹಾರಿತು. ವಹಾಬ್ ಅವರ ಮುಖ ಬಿಳಿಚಿತು. ಮುಸರ್ರತ್ ಅಳುತ್ತಾ "ನಾನೇ ಅಬ್ಬಾ" ಎಂದಳು. ಜನರ ಮಧ್ಯೆ ಇದ್ದೆ. ಬಾಯಿ ಬಿಡಲಿಲ್ಲ. ಕ್ಲಬ್ಬಿನವರು ಅವರಿಂದ ಬೀಗದ ಕೈ ವಾಪಸ್ ತೆಗೆದುಕೊಂಡರು.

ಆ ಸದ್ದು ಅವಳಿಗೆ ಕೇಳಿಸಿತ್ತು, ನನ್ನನ್ನು ಉಳಿಸಲು ಹಾಗೆ ಹೇಳಿದಳು ಎಂದೇ ತಿಳಿದಿದ್ದೇನೆ. ಅವಳ ಮುಖ ನೋಡಲಾಗದೆ ಅವರ ಮನೆಗೆ ಹೋಗುವುದು ಬಿಟ್ಟೆ. ಮುಂದಿನ ವರ್ಷ ನಮ್ಮಪ್ಪ ಸಂಸಾರ ಸಮೇತ ಶಿವಮೊಗ್ಗಕ್ಕೆ ಬಂದರು. ಮುಗಿಯಿತು.

ಪುಟದ ತುದಿ ಮಡಚಿಟ್ಟಿದ್ದೇನೆ.

ಜನವರಿ ೧೯, ಭಾನುವಾರ

ಮೆಸೇಜ್ ಮಾಡಿದೆ. "ಮುಸರ್ರತ್ ಅಲ್ವಾ?" ಎರಡು ನಿಮಿಷಕ್ಕೆ ಫೋನೇ ಬಂತು. "ಧನಾ! ಬದುಕಿದೀಯ ಮಾರಾಯ್ತಿ!" ಎಂದು ಕಿರುಚಿದಳು. ಇಬ್ಬರೂ ಅತ್ತೆವು. ಅತ್ತಿದ್ದು ಖುಷಿಗೇ. ಬಿಂದುಶ್ರೀ ಗಾಬರಿಯಾಗಿ ಓಡಿ ಬಂದಳು.

ಜನವರಿ ೨೬, ಭಾನುವಾರ. ಸಂಜೆ

ಭದ್ರಾವತಿಗೆ ಹೋಗಿ ಬಂದೆ. ಅರ್ಧ ಗಂಟೆಯ ದಾರಿ, ನಲವತ್ತಾರು ವರ್ಷ ಬೇಕಾಯಿತು. ಅವಳ ಮನೆ ಹೊಸಮನೆ ಬಡಾವಣೆಯಲ್ಲಿ. ಗಂಡನ ಗ್ಯಾರೇಜು ಮುಂದೆ, ಮನೆ ಹಿಂದೆ. ದಪ್ಪ ಆಗಿದ್ದಾಳೆ. ನಗು ಮಾತ್ರ ಅದೇ. ಶಾವಿಗೆ ಪಾಯಸ ಎರಡು ಬಟ್ಟಲು ತಿನ್ನಿಸಿದಳು.

ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು.

"ಆ ರೆಕಾರ್ಡು ಹಾಳು ಮಾಡಿದ್ದು ನಾನೇ ಕಣೆ. ದುಪಟ್ಟಾಗೆ ಜರಿ ಇತ್ತಲ್ಲ, ಒರೆಸ್ತಾ ಗೀಚಿಬಿಟ್ಟೆ."

"ನೀನಾ?" ಎಂದೆ.

"ಇನ್ಯಾರು? ಅಬ್ಬಾ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಆಮೇಲೆ ಅವ್ರು ಭಾನುವಾರ ಇಸ್ತ್ರಿ ಅಂಗಿ ಹಾಕ್ಲೇ ಇಲ್ಲ ನೋಡು... ನಿನಗೂ ಕೋಪ ಬಂತು. ನಿನ್ನ ಇಷ್ಟದ ಹಾಡು ಹಾಳು ಮಾಡ್ದೆ ಅಂತ ತಾನೇ ನೀನು ಬರೋದು ಬಿಟ್ಟಿದ್ದು?"

ಅವಳಿಗೆ ಸದ್ದು ಕೇಳಿಸಿರಲೇ ಇಲ್ಲ. ನನ್ನನ್ನು ಉಳಿಸಲಿಲ್ಲ ಅವಳು. ನಿಜವಾಗಿ ತಾನೇ ಎಂದು ನಂಬಿದ್ದಾಳೆ. ಇಷ್ಟು ವರ್ಷ! "ಪೂರ್ತಿ ಹಾಡು ಯೂಟ್ಯೂಬಲ್ಲಿದೆ, ಗೊತ್ತು. ಆದ್ರೆ ನನ್ನ ತಪ್ಪನ್ನ ನಾನು ಬಿಟ್ಟು ಹೆಂಗೆ ನುಡಿಸ್ಲಿ?" ಎಂದಳು.

"ಕೋಪ ಇರಲಿಲ್ಲ" ಎಂದೆ. ಪಾಯಸ ಚೆನ್ನಾಗಿದೆ ಎಂದೆ. ಐದೂವರೆಯ ಬಸ್ಸು ಹಿಡಿದೆ. ಹೇಡಿ.

ಫೆಬ್ರವರಿ ೧೬, ಭಾನುವಾರ

ಮೂರು ವಾರ ಬರೆಯಲಿಲ್ಲ. ನುಡಿಸಲೂ ಇಲ್ಲ. ಅವಳು ಮೂರು ಸಲ ಕರೆದಳು. ಮಂಡಿ ನೋವು ಎಂದೆ. ಮಂಡಿ ಚೆನ್ನಾಗಿಯೇ ಇದೆ.

ಇವತ್ತು ಅವಳು ಗುಂಪಿನಲ್ಲಿ ಮೇಷ್ಟ್ರಿಗೆ ಉತ್ತರ ಬರೆದಿದ್ದಾಳೆ. "ಸರ್, ಆ ಎರಡು ಸಾಲು ನಾನೇ ಹಾಳು ಮಾಡಿದ್ದು, ಹದಿನೈದು ವರ್ಷದವಳಿದ್ದಾಗ. ಭದ್ರಾವತಿಯ ಹಳಬರು ಯಾರಾದರೂ ಇಲ್ಲಿದ್ದರೆ ಕ್ಷಮಿಸಿ." ಕ್ಲಬ್ಬು, ದುಪಟ್ಟಾ, ಅಬ್ಬಾ — ಎಲ್ಲ ಬರೆದಿದ್ದಾಳೆ. ಎಂಬತ್ತು ಜನ ಹೃದಯ ಒತ್ತಿದ್ದಾರೆ. ಕೊನೆಗೆ ಮೇಷ್ಟ್ರೂ ಕರಗಿ, "ನಿಮ್ಮ ತಪ್ಪಿಗೆ ಪೂರ್ತಿ ಅಂಕ" ಎಂದರು.

ನಾನೂ ಒಂದು ಹೃದಯ ಒತ್ತಿದೆ. ಬೆರಳು ತಾನಾಗಿ ಹೋಯಿತು. ಮುಳ್ಳು ಎಳೆದದ್ದೂ ಇದೇ ಬೆರಳು. ಒತ್ತಿದ ಹೃದಯ ವಾಪಸ್ ತೆಗೆದೆ. ಅಳು ಬಂತು. ಬಿಂದುಶ್ರೀ, "ಏನಾಯ್ತು ಅತ್ತೆ?" ಎಂದಳು. ಅವಳಿಗೂ ಹೇಳಲಿಲ್ಲ. ಮೊದಲು ಕೇಳಬೇಕಾದವಳು ಅವಳಲ್ಲ.

ಮುಸರ್ರತ್‌ಗೆ ಮೆಸೇಜ್ ಹಾಕಿದೆ: ಮುಂದಿನ ಭಾನುವಾರ ಬರ್ತೀನಿ. ಉತ್ತರ ಬಂತು: "ಯುಕುಲೆಲೆ ತಗೊಂಡು ಬಾ. ಇಬ್ರೂ ಸೇರಿ ಹಾಕೋಣ."

ಫೆಬ್ರವರಿ ೨೩, ಭಾನುವಾರ. ಬೆಳಿಗ್ಗೆ ೧೧. ಹೊಸಮನೆ

ಅವಳ ಮನೆಯ ಹಾಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಡೈರಿ ಯುಕುಲೆಲೆ ಚೀಲದಲ್ಲೇ ಬಂತು. ಅವಳು ಒಳಗೆ ಚಹಾ ಕಾಯಿಸುತ್ತಿದ್ದಾಳೆ.

ಒಂದು ಟೇಕ್ ಆಯಿತು. ಎರಡನೇ ಚರಣಕ್ಕೆ ಬಂದಾಗ ಇಬ್ಬರೂ ಒಟ್ಟಿಗೆ ಹಾರಿದೆವು. ಎಣಿಸಲಿಲ್ಲ, ಸನ್ನೆ ಮಾಡಲಿಲ್ಲ. ಅವಳು ಬಿದ್ದು ಬಿದ್ದು ನಕ್ಕಳು. ಗೋಡೆಯ ಮೇಲೆ ವಹಾಬ್ ಅವರ ಫೋಟೋ. ಇಸ್ತ್ರಿ ಅಂಗಿ. ಕ್ಲಬ್ಬಿನ ಕಾಲದ್ದೇ ಇರಬೇಕು.

ನಾಲ್ಕು ಸಲ ಬಾಯಿ ತೆರೆದೆ. ಒಂದು ಸಲ "ನೀರು ಕೊಡು" ಎಂದೆ. ಒಂದು ಸಲ ಮೇಷ್ಟ್ರ ವಿಷಯ. ಇನ್ನೆರಡು ಸಲ ಕೆಮ್ಮಿದೆ. ಹೇಳಿದರೆ ಈ ನಗು ಹೋಗುತ್ತದೆ. ಹೇಳದಿದ್ದರೆ ನಗುವಾಗಲೆಲ್ಲ ನನಗೆ ಕೇಳಿಸುವುದು ಕರ್ರ್ ಸದ್ದೇ.

ಬಾಯಿಗೆ ಆಗುವುದಿಲ್ಲ. ಕೈಗೆ ಆಗಬಹುದು.

ಬಂದಳು. ಟ್ರೇ ಕೆಳಗಿಟ್ಟಳು. "ಏನೇ ಅದು, ಆಗ್ಲಿಂದ ಬರೀತಾನೇ ಇದೀಯ? ಕೊಡಿಲ್ಲಿ ನೋಡೋಣ" ಅಂತ ಕೈ ಚಾಚಿದ್ದಾಳೆ. ಒಂದು ಸಾಲು ತಡಿ ಎಂದಿದ್ದೇನೆ.

ಮುಸರ್ರತ್, ಜನವರಿ ಹದಿಮೂರರ ಪುಟ, ತುದಿ ಮಡಚಿದೆ. ಅದನ್ನು ಮೊದಲು ಓದು. ಆಮೇಲೆ ನೀನು—